ಕೆಂಪು ಸುತ್ತಿನ ನೊಣ

ವಸಂತನರಸಾಪುರದ ಆ ಶೆಡ್ಡಿನ ಹೊರಗೆ ಇಂಗ್ಲಿಷ್ ಬೋರ್ಡೊಂದು ಇತ್ತು. ಸುತ್ತಮುತ್ತಲಿನವರು ಅದನ್ನು ಓದುವ ಗೋಜಿಗೆ ಹೋಗದೆ ‘ನೊಣದ ಫ್ಯಾಕ್ಟರಿ’ ಎಂದೇ ಕರೆದರು. ಒಳಗೆ ಎರಡು ಉದ್ದನೆಯ ಮೇಜುಗಳ ಮುಂದೆ ಇಪ್ಪತ್ತಾರು ಹೆಂಗಸರು ಕುಳಿತು, ಹೊರದೇಶದ ಹೊಳೆಗಳಲ್ಲಿ ಮೀನು ಹಿಡಿಯುವವರಿಗಾಗಿ ಸುಳ್ಳು ನೊಣ ಕಟ್ಟುತ್ತಿದ್ದರು. ವನಜಮ್ಮ ಅವರಲ್ಲೊಬ್ಬರು. ಈ ಘಟಕ ಮೊದಲು ಸದಾಶಿವನಗರದ ಒಂದು ಮನೆಯ ಮಹಡಿಯ ಮೇಲೆ ಶುರುವಾದಾಗ ಅವರ ಮಗಳು ಕೃತಿಕಾ ಇನ್ನೂ ತೊಟ್ಟಿಲಲ್ಲಿದ್ದಳು. ಶೆಡ್ಡಿಗೆ ಬೀಗ ಬಿದ್ದ ವರ್ಷ ಅವಳು ಡಿಗ್ರಿಯ ಎರಡನೇ ವರ್ಷದಲ್ಲಿದ್ದಳು. ನಡುವಿನ ಹದಿನೆಂಟು ವರ್ಷ ಒಂದೇ ಜಾಗದಲ್ಲಿ ದಾರ ಓಡಿ ಓಡಿ, ವನಜಮ್ಮನ ಬಲಗೈ ತೋರುಬೆರಳಿನ ತುದಿಯಲ್ಲಿ ಸಣ್ಣದೊಂದು ಕಾಲುವೆ ಬಿದ್ದಿದೆ.

ಕೆಲಸ ಹೀಗಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಉಕ್ಕಿನ ಗಾಳವನ್ನು ಮೇಜಿಗೆ ಬಿಗಿದ ಪುಟ್ಟ ಇಕ್ಕಳದ ಬಾಯಿಗೆ ಕೊಡಬೇಕು. ಅದರ ಮೈಗೆ ಕೂದಲಿಗಿಂತ ಸಣ್ಣ ದಾರ ಸುತ್ತಿ, ಹುಂಜದ ಕುತ್ತಿಗೆಯ ಗರಿಯನ್ನು ಎಳೆಗಳು ನಿಗುರಿ ನಿಲ್ಲುವಂತೆ ಬಳಸಿ, ತಲೆಯ ಬಳಿ ಗಂಟು ಹಾಕಿ, ಒಂದು ಹನಿ ವಾರ್ನಿಷ್ ಬಿಟ್ಟರೆ ಒಂದು ನೊಣ. ನೀರಿನ ಮೇಲೆ ಬಿದ್ದರೆ ಮೀನು ಅದನ್ನು ನಿಜವಾದ ಹುಳುವೆಂದೇ ನಂಬಿ ಬಾಯಿ ಹಾಕುತ್ತದೆ ಎಂದು ಮಾಲೀಕರು ಹೇಳುತ್ತಿದ್ದರು. ಇಪ್ಪತ್ತಾರು ಮಂದಿಯಲ್ಲಿ ಒಬ್ಬರೂ ಅದನ್ನು ಕಣ್ಣಾರೆ ಕಂಡವರಲ್ಲ. ಕಟ್ಟಿದ ಮಾಲು ಪೆಟ್ಟಿಗೆ ಸೇರಿ, ಪೆಟ್ಟಿಗೆ ಚೆನ್ನೈ ಸೇರಿ, ಅಲ್ಲಿಂದ ಹಡಗು ಹತ್ತುತ್ತಿತ್ತು.

“ಏನಕ್ಕ, ಇವತ್ತು ಎಷ್ಟು ನೊಣ ಹೊಡುದ್ರಿ?” ಎಂದು ಬೀದಿಯವರು ಕೆಣಕುತ್ತಿದ್ದರು.

“ಹೊಡ್ಯೋದು ನಿಮ್ಮನೇಲಿ ಕಣಪ್ಪ. ನಮ್ಮಲ್ಲಿ ಕಟ್ಟೋದು,” ಎಂದು ವನಜಮ್ಮ ನಿಲ್ಲದೆ ನಡೆದುಬಿಡುತ್ತಿದ್ದರು.

ಆ ಮೇಜಿನಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿಯೊಬ್ಬರಿಗೂ ಒಂದೊಂದು ಬಣ್ಣದ ದಾರ. ಕಡೆಯ ಗಂಟಿಗೆ ಮುಂಚೆ ನೊಣದ ಕುತ್ತಿಗೆಗೆ ತಮ್ಮ ಬಣ್ಣದ ಒಂದೇ ಒಂದು ಸುತ್ತು ಹಾಕಬೇಕು. ವನಜಮ್ಮನದು ಕೆಂಪು, ಪಕ್ಕದ ಮಂಜುಳಮ್ಮನದು ಹಸಿರು. ತಪಾಸಣೆಯ ಶಾಂತಲಾ ಮೇಡಂ ಭೂತಗನ್ನಡಿಯ ಕೆಳಗೆ ಒಂದೊಂದನ್ನೂ ತಿರುಗಿಸಿ ನೋಡಿ, ಗರಿ ಸೊಟ್ಟಗಿದ್ದರೆ, ದಾರ ದಪ್ಪವಾಗಿ ಕಂಡರೆ, ಅದನ್ನು ಸ್ಟೀಲ್ ಬಟ್ಟಲಿಗೆ ಹಾಕುತ್ತಿದ್ದರು. ಸಂಜೆ ಬಟ್ಟಲು ಮೇಜಿಗೆ ಬರುತ್ತಿತ್ತು. ಬಣ್ಣ ನೋಡಿ ಅವರವರ ತಪ್ಪನ್ನು ಅವರವರೇ ಬಿಚ್ಚಿ ಮತ್ತೆ ಕಟ್ಟಿಕೊಡಬೇಕು. ಅದಕ್ಕೆ ಕೂಲಿ ಇಲ್ಲ. ಚೆನ್ನಾಗಿ ಕಟ್ಟಿದ ನೊಣದ ಸುದ್ದಿ ಮಾತ್ರ ಹಡಗು ಹತ್ತಿದ ಮೇಲೆ ಹಿಂದಿರುಗಿದ್ದೇ ಇಲ್ಲ.

ಎರಡು ಸಾವಿರದ ಇಪ್ಪತ್ತೈದರ ಆಗಸ್ಟಿನಲ್ಲಿ ಅಮೆರಿಕದವರು ನಮ್ಮ ಮಾಲಿನ ಮೇಲೆ ಸುಂಕ ಏರಿಸಿದರು. ಆರ್ಡರು ಮೊದಲು ಅರ್ಧಕ್ಕಿಳಿಯಿತು, ಆಮೇಲೆ ನಿಂತೇಹೋಯಿತು. ಸೆಪ್ಟೆಂಬರಿನ ಒಂದು ಶನಿವಾರ ಮಾಲೀಕರು ಎಲ್ಲರನ್ನೂ ನಿಲ್ಲಿಸಿಕೊಂಡು ಬಾಕಿ ಸಂಬಳ ಎಣಿಸಿಕೊಟ್ಟರು. ಬೋನಸ್ಸಿನ ಬದಲು ಪ್ರತಿಯೊಬ್ಬರ ಕೈಗೂ ಒಂದು ರಟ್ಟಿನ ಡಬ್ಬಿ ಇಟ್ಟರು. ಒಳಗೆ ಅವರವರೇ ಕಟ್ಟಿದ, ಮಾರಾಟವಾಗದೆ ಉಳಿದ ನೊಣಗಳು.

“ಇದನ್ನ ನಾನು ಯಾರಿಗೆ ಮಾರ್ಲಮ್ಮ? ಇಟ್ಕೊಳಿ, ನೆನಪಿಗಾಗುತ್ತೆ,” ಎಂದರು.

ಹೊರಗೆ ಬಂದದ್ದೇ ಮಂಜುಳಮ್ಮ, “ನೆನಪಿಗಂತೆ! ಓಲೆ ಮಾಡ್ಸಿ ಕಿವಿಗೆ ಹಾಕ್ಕಳನ ಬಾರೇ ವನಜಿ,” ಎಂದು ನಕ್ಕರು. ನಗು ಪೂರ್ತಿಯಾಗುವ ಮೊದಲೇ ಸೆರಗು ಬಾಯಿಗೆ ಹೋಯಿತು. ಇನ್ನೊಬ್ಬರು ಡಬ್ಬಿಯನ್ನು ಮರುದಿನ ಬೆಳಿಗ್ಗೆ ಕಸದ ಗಾಡಿಗೇ ಹಾಕಿದರಂತೆ.

ವನಜಮ್ಮ ತಮ್ಮ ಡಬ್ಬಿಯನ್ನು ಟಿವಿಯ ಪಕ್ಕ ಇಟ್ಟರು. ಮೂರು ದಿನ ಅದನ್ನೇ ನೋಡುತ್ತ ಕುಳಿತರು. ಇಷ್ಟು ವರ್ಷದಲ್ಲಿ ತಮ್ಮ ಕೈಯಿಂದ ಹೋದ ನೊಣಗಳು ಲಕ್ಷಗಟ್ಟಲೆ ಇರಬೇಕು. ಅವುಗಳಲ್ಲಿ ಒಂದಾದರೂ ಮೀನು ಹಿಡಿದಿದೆಯೇ? ಹಿಡಿಯದಿದ್ದರೆ, ಬೆರಳಿಗೆ ಕಾಲುವೆ ಬೀಳಿಸಿಕೊಂಡು ತಾವು ಮಾಡಿದ್ದಕ್ಕೆ ಕೆಲಸ ಎಂಬ ಹೆಸರು ಸಲ್ಲುವುದಿಲ್ಲ. ಬೀದಿಯವರ ಕುಹಕವೇ ನಿಜವಾಗುತ್ತದೆ. ನಾಲ್ಕನೆಯ ದಿನ ಅವರು ಮಗಳನ್ನು ಕರೆದರು.

“ಇದನ್ನ ನೀರಿಗೆ ಎಸೆಯೋ ಕೋಲು ಫೋನಲ್ಲಿ ಸಿಕ್ಕುತ್ತೇನೇ?”

ಕೃತಿಕಾ ಹುಡುಕಿದಳು. ಸಿಕ್ಕಿತು. ನಾಲ್ಕು ತುಂಡಾಗಿ ಬಿಚ್ಚಿಡಬಹುದಾದ ಕೋಲು, ಅದರ ಬುಡಕ್ಕೆ ಕೂರಿಸುವ ರೀಲು, ಎರಡೂ ಸೇರಿ ಬೆಲೆ ವನಜಮ್ಮನ ಅರ್ಧ ತಿಂಗಳ ಸಂಬಳ. ದಾರ ಬೇರೆ ಕೊಳ್ಳಬೇಕು. ಫೋನಿನ ಪರದೆಯಲ್ಲಿ ಬಗೆಬಗೆಯ ದಾರಗಳು ಸಾಲುಗಟ್ಟಿದವು. ವನಜಮ್ಮ ಒಂದು ಕ್ಷಣವೂ ಅನುಮಾನಿಸದೆ ಎಲ್ಲಕ್ಕಿಂತ ತೆಳ್ಳಗಿನ ನೈಲಾನನ್ನು ಆರಿಸಿದರು. ದಾರ ದಪ್ಪಗಾದರೆ ಮೀನಿಗೆ ಗೊತ್ತಾಗುತ್ತೆ ಎಂಬುದು ಶಾಂತಲಾ ಮೇಡಂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು.

“ಅಮ್ಮ, ಎಸೆಯೋದು ಹೆಂಗೆ ಅಂತ ಒಂದ್ ವಿಡಿಯೋ ನೋಡ್ಬಿಡು.”

“ನೊಣ ಕಟ್ಟಿದವ್ಳಿಗೆ ಎಸೆಯೋದ್ ಹೇಳ್ಕೊಡ್ತಾರಾ? ಸುಮ್ನಿರೇ.”

ಪಾರ್ಸೆಲ್ ಬಂದ ದಿನ ಗಂಡ ಕನಕರಾಜು ಮನೆಯಲ್ಲೇ ಇದ್ದರು. ಅವರದು ಲಗೇಜ್ ಆಟೋ. ಫ್ಯಾಕ್ಟರಿಗಳು ಪಾಳಿ ಕಡಿಮೆ ಮಾಡಿದ ಮೇಲೆ ದಿನಕ್ಕೆ ಮೂರಿದ್ದ ಬಾಡಿಗೆ ಒಂದಕ್ಕಿಳಿದಿತ್ತು. ಉದ್ದನೆಯ ಕೊಳವೆಯಂತಿದ್ದ ಪೊಟ್ಟಣವನ್ನು ಅವರು ಎತ್ತಿ ನೋಡಿದರು.

“ಏನೇ ಇದು, ಕರ್ಟನ್ ಕೋಲಾ?”

“ಮೀನ್ ಹಿಡ್ಯೋ ಕೋಲು.”

“ಯಾರ್ದು?”

“ನಂದು.”

ಬೆಲೆ ಕೇಳಿದ ಮೇಲೆ ಕನಕರಾಜು ಗೋಡೆಗೆ ಒರಗಿ ಕುಳಿತುಬಿಟ್ಟರು. “ನಿಂಗೆ ಕೆಲ್ಸ ಇಲ್ಲ, ನಂಗೆ ಬಾಡಿಗೆ ಇಲ್ಲ, ಆಟೋ ಎಫ್‌ಸಿ ತಲೆ ಮೇಲ್ ಕೂತೈತೆ, ಇವ್ಳು ಗಾಳದ ಕೋಲು ತರ್ಸವ್ಳೆ! ಇದೇ ದುಡ್ಡಿಗೆ ಮಾರ್ಕೆಟ್ಟಲ್ಲಿ ಒಂದ್ ವರ್ಸದ ಮೀನ್ ಬತ್ತಿತ್ತಲ್ಲೇ.”

“ಮೀನು ಬೇಕು ಅಂತ ನಾನೆಲ್ಲಂದೆ?”

“ಮತ್ತಿನ್ಯಾಕೆ ಇದು?”

“ನಾನು ಕಟ್ಟಿದ್ದು ಮೀನು ಹಿಡಿಯುತ್ತಾ ಇಲ್ವಾ ನೋಡ್ಬೇಕು. ಅಷ್ಟೇ.”

ಕನಕರಾಜು ಪೊಟ್ಟಣದ ಮೇಲಿನ ಚೀಟಿಯನ್ನು ಮಗಳಿಂದ ಓದಿಸಿದರು. ಏಳು ದಿನದೊಳಗೆ ಹಿಂದಿರುಗಿಸಬಹುದು, ಟ್ಯಾಗು ಕಿತ್ತಿರಬಾರದು. ಅವರ ದನಿ ಸ್ವಲ್ಪ ತಣ್ಣಗಾಯಿತು. “ನೋಡು ವನಜ, ಪ್ಯಾಕಿಂಗ್ ಕಂಪ್ನೀಲಿ ಒಂದನೇ ತಾರೀಕಿಂದ ಬಾ ಅಂದವ್ರೆ. ಅಲ್ಲಿಗಂಟ ಮನೆ ನಡೀಬೇಕು. ಟ್ಯಾಗ್ ಕೀಳ್ಬ್ಯಾಡ. ವಾಪಸ್ ಕಳ್ಸನ.”

ಫ್ಯಾಕ್ಟರಿಯಿಂದ ವನಜಮ್ಮ ಕೇಳಿ ತಂದಿದ್ದ ಒಂದೇ ಒಂದು ವಸ್ತುವೆಂದರೆ ಅವರ ಪುಟ್ಟ ಕತ್ತರಿ. ಅದನ್ನು ಸೊಂಟದ ಚೀಲದಿಂದ ತೆಗೆದು, ಗಂಡನ ಎದುರಿಗೇ, ಟ್ಯಾಗಿನ ದಾರವನ್ನು ಟಕ್ಕೆಂದು ಕತ್ತರಿಸಿದರು.

“ಪ್ಯಾಕಿಂಗ್ ಕೆಲ್ಸಕ್ಕೆ ಹೋಗಲ್ಲ ಅಂತ ನಾನಂದಿಲ್ಲ. ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡಿ.”

ಕನಕರಾಜು ಅವತ್ತು ಊಟಕ್ಕೆ ತಟ್ಟೆಯನ್ನು ತಾವೇ ಹಾಕಿಕೊಂಡರು. ಮಾತು ನಿಂತಿತು.

ವನಜಮ್ಮನ ತವರು ಗುಬ್ಬಿಯಾಚೆಗಿನ ಒಂದು ಹಳ್ಳಿ. ಅಲ್ಲಿಯ ಕೆರೆಯ ಮೀನಿನ ಟೆಂಡರು ಅವರ ಅಣ್ಣ ರಂಗಯ್ಯನ ಹೆಸರಿನಲ್ಲಿದೆ. ಭಾನುವಾರ ಬೆಳಿಗ್ಗೆ ವನಜಮ್ಮ ಬಸ್ಸಿಳಿದು ಕೆರೆ ಏರಿಯ ಮೇಲೆ ಕೋಲಿನ ತುಂಡುಗಳನ್ನು ಒಂದಕ್ಕೊಂದು ಕೂಡಿಸುತ್ತಿದ್ದಾಗ ರಂಗಯ್ಯ ತಮ್ಮ ಬಲೆಯವರೊಂದಿಗೆ ತೂಬಿನ ಕಡೆಯಿಂದ ಬಂದರು.

“ಏನವ್ವ ವನಜ, ಟಿವಿ ಏರಿಯಲ್ ನಿಲ್ಲಿಸ್ತಾ ಇದೀಯಾ? ಈಗೆಲ್ಲ ಡಿಶ್ ಬಂದೈತೆ ಕಣವ್ವ.”

“ಮೀನು ಹಿಡ್ಯಕ್ ಬಂದಿದೀನಿ ಅಣ್ಣ.”

“ಎರೆಹುಳ ಎಲ್ಲಿ?”

ವನಜಮ್ಮ ಅಂಗೈ ತೆರೆದು ನೊಣ ತೋರಿಸಿದರು. ರಂಗಯ್ಯ ಕನ್ನಡಕ ಮೇಲೇರಿಸಿ ನೋಡಿ, ಬಲೆಯವರ ಕಡೆ ತಿರುಗಿದರು. ನಗು ಅಲ್ಲಿಂದ ಶುರುವಾಯಿತು.

ಅದಕ್ಕೆ ಕಾರಣವನ್ನು ವನಜಮ್ಮನೇ ಒದಗಿಸಿದರು. ಕೋಲನ್ನು ಬೀಸಿದರು, ಗಾಳಿ ಸುಂಯ್ ಎಂದಿತು, ನೊಣ ಕಾಲಬುಡದಲ್ಲೇ ಬಿತ್ತು. ಇನ್ನಷ್ಟು ಜೋರಾಗಿ ಬೀಸಿದರು. ಜೇಡರ ಬಲೆಯಷ್ಟು ಹಗುರಾದ ದಾರ ಅವರದೇ ಕಿವಿಗೆ ಸುತ್ತಿಕೊಂಡಿತು. ಮೂರನೆಯ ಸಲ ಗಾಳ ಸೆರಗಿಗೆ ಕಚ್ಚಿತು. ನೊಣಕ್ಕೂ ತೂಕವಿಲ್ಲ, ದಾರಕ್ಕೂ ತೂಕವಿಲ್ಲ. ಕೋಲಿನ ಬಲವೆಲ್ಲ ಗಾಳಿಯಲ್ಲೇ ಕರಗಿಹೋಗುತ್ತಿತ್ತು. ಬಲೆಯವನೊಬ್ಬ ಕನಿಕರದಿಂದ, “ಅಕ್ಕಾ, ಒಂದ್ ಕಲ್ಲು ಕಟ್ಟಿ ಎಸೀರಿ,” ಎಂದ. ಕಟ್ಟಿ ನೋಡಿದರು. ಕಲ್ಲು ದೂರ ಹೋಗಿ ಗುಳುಂ ಎಂದಿತು. ನೀರಿನ ಮೇಲೆ ತೇಲಬೇಕಾದ ನೊಣವೂ ಅದರ ಹಿಂದೆಯೇ ಮುಳುಗಿತು.

ರಂಗಯ್ಯ ಏರಿಯ ಕಲ್ಲಿನ ಮೇಲೆ ಕುಳಿತು ಕಣ್ಣೊರೆಸಿಕೊಂಡರು. “ಈ ಕೋಳಿಪುಕ್ಕದಲ್ಲಿ ಒಂದೇ ಒಂದ್ ಮೀನ್ ಹಿಡುದ್ ತೋರ್ಸವ್ವ. ನನ್ ಬಲೆ ತಗೊಂಡೋಗಿ ಒಲೆಗೆ ಹಾಕ್ತೀನಿ.”

“ಒಲೆ ರೆಡಿ ಮಾಡಿಟ್ಕೊ,” ಎಂದು ವನಜಮ್ಮ ಕೋಲು ಬಿಚ್ಚತೊಡಗಿದರು. ಒಂದು ತುಂಡು ಬಿಚ್ಚಿಕೊಳ್ಳಲು ಹಠ ಮಾಡಿತು.

ಮನೆಗೆ ಬಂದು ಮಗಳ ಪಕ್ಕ ಕುಳಿತರು. “ಆ ವಿಡಿಯೋ ತೋರ್ಸು.”

ಪರದೆಯ ಮೇಲೆ ಯಾವನೋ ಬಿಳಿಯ ಗಡ್ಡದವನು ಹೊಳೆಯ ನಡುವೆ ನಿಂತಿದ್ದ. ಅವನ ಕೋಲಿನಿಂದ ಹೊರಟ ದಾರ ಶಾವಿಗೆಯಷ್ಟು ದಪ್ಪವಿತ್ತು, ಮೇಲಾಗಿ ಹಳದಿ ಬಣ್ಣದ್ದು. ಅದು ಹಿಂದಕ್ಕೆ ಹೋಗಿ ನೇರವಾಗಿ, ಮುಂದಕ್ಕೆ ಬಂದು ಹಾಸಿಕೊಳ್ಳುತ್ತಿತ್ತು. ನೊಣ ಅದರ ಬೆನ್ನು ಹತ್ತಿ ಹೋಗುತ್ತಿತ್ತು ಅಷ್ಟೆ. ನೊಣಕ್ಕೆ ಅಂಟಿದ ಕಡೆಯ ಒಂದು ಮಾರು ಮಾತ್ರ ತೆಳ್ಳಗಿನ ನೈಲಾನು. ಶಾಂತಲಾ ಮೇಡಂ ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ. ಮೇಜಿನ ಮುಂದೆ ಕೂತವರಿಗೆ ನೊಣದಾಚೆಗಿನ ದಾರವನ್ನು ಯಾರೂ ತೋರಿಸಿರಲಿಲ್ಲ.

ಕೃತಿಕಾ ಆ ಹಳದಿ ದಾರದ ಬೆಲೆ ಹುಡುಕಿದಳು. ಹೆಚ್ಚುಕಮ್ಮಿ ಕೋಲಿನಷ್ಟೇ. ವನಜಮ್ಮ ತಲೆಯಾಡಿಸಿದರು. ಕೋಲಿಗೆ ಕೊಟ್ಟ ಹಣದ ಬಗ್ಗೆ ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದು ಅವರ ಕಡೆಯ ಸಂಬಳ. ಈಗ ಬೀರುವಿನಲ್ಲಿ ಉಳಿದಿರುವುದು ಮನೆಯದು. ಅದಕ್ಕೆ ಕೈ ಹಾಕಿ ಗಂಡನ ಮಾತನ್ನು ನಿಜ ಮಾಡಲು ಅವರು ಸಿದ್ಧರಿರಲಿಲ್ಲ.

ಆ ವಾರದಲ್ಲೇ ಕನಕರಾಜುವಿಗೆ ಕುಣಿಗಲ್ಲಿನ ಕಲ್ಯಾಣ ಮಂಟಪವೊಂದಕ್ಕೆ ಕುರ್ಚಿ, ಶಾಮಿಯಾನ ಸಾಗಿಸುವ ಬಾಡಿಗೆ ಬಂತು. ಜೊತೆಗೆ ಬರಬೇಕಾಗಿದ್ದ ಹಮಾಲಿ ಜ್ವರವೆಂದು ಫೋನ್ ಮಾಡಿದ. ವನಜಮ್ಮ ಕೇಳಿಸಿಕೊಂಡು ಚಪ್ಪಲಿ ಮೆಟ್ಟಿಕೊಂಡರು. ಕುಣಿಗಲ್ಲಿನವರೆಗೆ ಗಂಡ ಹೆಂಡತಿಯ ನಡುವೆ ನಡೆದ ಮಾತು ಒಂದೇ: “ಬಾಗ್ಲು ಸರಿಯಾಗ್ ಹಾಕು.”

ಮಂಟಪದ ಮುಂದೆ ಮೆರವಣಿಗೆಗೆಂದು ಒಂದು ಬಿಳಿ ಕುದುರೆ ನಿಂತಿತ್ತು. ಕುದುರೆಯ ಓಬಳಯ್ಯ ಎಪ್ಪತ್ತರ ಸಮೀಪದವರು. ಕುಣಿಗಲ್ಲಿನಲ್ಲಿ ಹುಟ್ಟಿ, ಕುದುರೆ ಲಾಯದಲ್ಲೇ ಕೂದಲು ನರೆಸಿಕೊಂಡವರು. ಕುರ್ಚಿ ಇಳಿಸುತ್ತಿದ್ದ ವನಜಮ್ಮ ನೋಡುತ್ತಿದ್ದಂತೆಯೇ ಕುದುರೆಯ ಕಿವಿಯ ಮೇಲೊಂದು ನೊಣ ಕೂತಿತು. ಓಬಳಯ್ಯ ಕುಳಿತ ಜಾಗದಿಂದ ಏಳದೆ ಮಣಿಕಟ್ಟನ್ನು ಒಮ್ಮೆ ಕೊಡವಿದರು. ಚಾವಟಿ ಗಾಳಿಯಲ್ಲಿ ಬಿಚ್ಚಿಕೊಂಡು ಹೋಗಿ, ಕಿವಿಗೆ ತಾಗದೆ, ನೊಣವನ್ನಷ್ಟೇ ಎಬ್ಬಿಸಿ ಬಂತು.

ವನಜಮ್ಮ ತಲೆಯ ಮೇಲಿದ್ದ ಕುರ್ಚಿಗಳನ್ನು ಅಲ್ಲೇ ಇಳಿಸಿದರು. “ಅಣ್ಣಾವ್ರೆ, ಇನ್ನೊಂದ್ಸಲ ಮಾಡಿ.”

“ನೊಣ ಇನ್ನೊಂದ್ ಬರ್ಲಿ ಇರವ್ವ,” ಎಂದು ಓಬಳಯ್ಯ ನಕ್ಕು ಚಾವಟಿಯನ್ನು ಅವರ ಕೈಗೇ ಕೊಟ್ಟರು. ವನಜಮ್ಮ ಅದರ ಉದ್ದಕ್ಕೂ ಬೆರಳಾಡಿಸಿದರು. ಹಿಡಿಯ ಬಳಿ ಹೆಬ್ಬೆರಳಿನ ದಪ್ಪ. ಮುಂದೆ ಎಳೆ ಎಳೆಯಾಗಿ ಕಡಿಮೆಯಾಗುತ್ತ, ತುದಿಯಲ್ಲಿ ಬರೀ ನೂಲು. ವಿಡಿಯೋದ ಹಳದಿ ದಾರ ಮಾಡಿದ್ದೂ ಇದನ್ನೇ. ಆದರೆ ಚಾವಟಿ ತೊಗಲಿನದು, ನೀರಿಗೆ ಬಿದ್ದರೆ ಮುಳುಗುತ್ತದೆ. ಅವರ ಕಣ್ಣು ಕುದುರೆಯ ಹಿಂಭಾಗಕ್ಕೆ ಹೋಯಿತು.

“ಬಾಲದ ಕೂದ್ಲು ಮಾರ್ತೀರಾ?”

“ಯಾತಕ್ಕವ್ವ? ದೃಷ್ಟಿಗಾದ್ರೆ ಲಾಳ ತಗೊಂಡೋಗು, ಬಾಗ್ಲಿಗೆ ಹೊಡೀಬೋದು.”

“ಮೀನು ಹಿಡ್ಯಕ್ಕೆ.”

ಓಬಳಯ್ಯ ನಗಲಿಲ್ಲ. ತಾವು ಚಿಕ್ಕವರಿದ್ದಾಗ ಲಾಯದ ಹಿರಿಯನೊಬ್ಬ ಕುದುರೆಯ ಕೂದಲು ಹೊಸೆದು ಕುಣಿಗಲ್ ಕೆರೆಯಲ್ಲಿ ಗಾಳ ಹಾಕುತ್ತಿದ್ದುದನ್ನು ನೆನೆಸಿಕೊಂಡರು. “ಹೆಣ್ ಕುದ್ರೇದು ಬ್ಯಾಡ ಕಣವ್ವ. ಅದು ಉಚ್ಚೆ ಹುಯ್ಯುವಾಗ ಬಾಲ ನೆನ್ದು ನೆನ್ದು ಕೂದ್ಲು ಪುಸುಕ್ಲಾಗಿರ್ತದೆ, ಎಳುದ್ರೆ ಪಟ್ಟಂತದೆ. ನಮ್ದು ಗಂಡು. ಬಾಚಿದ್ನೆಲ್ಲ ಚೀಲದಲ್ಲಿ ಕೂಡಿಟ್ಟಿವ್ನಿ, ಬ್ರಶ್ಶಿನೋನು ಬಂದು ತಗೊಂಡೋಗ್ತಾನೆ. ಒಂದ್ ಜಡೆಯಷ್ಟಕ್ಕೆ ಇನ್ನೂರು ಕೊಡು.”

“ಇನ್ನೂರು? ಕುದ್ರೆ ಸಮೇತನಾ?”

“ಕುದ್ರೆ ಬೇಕಾದ್ರೆ ಮದ್ವೆಗಂಡು ಇಳೀಲಿ ಇರು,” ಎಂದ ಓಬಳಯ್ಯ ನೂರಿಪ್ಪತ್ತಕ್ಕೆ ಬಂದು ನಿಂತರು.

ವನಜಮ್ಮ ಗಂಡನ ಮುಂದೆ ಕೈ ಚಾಚಿದರು. “ಇವತ್ತಿನ ಹಮಾಲಿ ನಾನೇ ತಾನೆ? ನನ್ ಕೂಲಿ ಕೊಡಿ.”

ಕನಕರಾಜು ಸುತ್ತ ನೋಡಿದರು. ಮಂಟಪದವರು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. “ಕೋಲಾಯ್ತು, ಈಗ ಕುದ್ರೆ ಬಾಲಾನೂ ಬಂತು ಮನೆಗೆ,” ಎಂದು ಗೊಣಗುತ್ತ, ಹಮಾಲಿಗೆ ಕೊಡುವಷ್ಟನ್ನೇ, ಒಂದು ರೂಪಾಯಿ ಹಿಡಿಯದೆ, ಎಣಿಸಿಕೊಟ್ಟರು. ವಾಪಸು ಬರುವಾಗ ಹೆಬ್ಬೂರು ದಾಟಿದ ಮೇಲೆ ಅವರೇ ಮಾತು ತೆಗೆದರು. “ಹೆಣ್ ಕುದ್ರೆ ಬಾಲ ಆಗಲ್ವಂತಾ?”

“ಆಗಲ್ವಂತೆ.”

“ಹ್ಞೂಂ,” ಎಂದರು ಕನಕರಾಜು.

ಕೂದಲನ್ನು ಸೀಗೆಪುಡಿಯಲ್ಲಿ ತೊಳೆದು ಒಣಗಿಸಿದ ಮೇಲೆ ಮಂಜುಳಮ್ಮ ದಿನಾ ಸಂಜೆ ಬಂದು ಜೊತೆಗೆ ಕುಳಿತರು. ಗೋಡೆಯ ಮೊಳೆಗೆ ಸಿಕ್ಕಿಸಿ ಒಬ್ಬರು ಹಿಡಿಯುವುದು, ಇನ್ನೊಬ್ಬರು ಹೊಸೆಯುವುದು. ಬುಡಕ್ಕೆ ಹದಿನೆಂಟು ಕೂದಲು, ಅದರ ಮುಂದಿನ ತುಂಡಿಗೆ ಹದಿನೇಳು, ಆಮೇಲೆ ಹದಿನಾರು. ಹೀಗೆ ಇಳಿಯುತ್ತ ಇಳಿಯುತ್ತ ತುದಿಯಲ್ಲಿ ನಾಲ್ಕಕ್ಕೆ ನಿಂತಿತು. ಕುದುರೆಯ ಕೂದಲು ಎಷ್ಟು ಉದ್ದವಿದ್ದರೂ ಮೊಳದ ಮೇಲೆ ಸ್ವಲ್ಪವೇ ತಾನೆ. ತುಂಡಿಗೆ ತುಂಡು ಕೂಡಿಸಲೇಬೇಕು. ಗಂಟು ಹಾಕಿದರೆ ಕೋಲಿನ ಉದ್ದಕ್ಕೂ ದಾರ ತೂರುವ ಸಣ್ಣ ಬಳೆಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎರಡು ತುದಿಗಳನ್ನು ಒಂದರ ಮೇಲೊಂದು ಮಲಗಿಸಿ, ನೊಣದ ತಲೆಗೆ ಹಾಕುವ ಸುತ್ತನ್ನೇ ಹಾಕಿ, ಗಂಟನ್ನು ಸುತ್ತಿನೊಳಗೆ ಹುದುಗಿಸಿ, ಒಂದು ಹನಿ ವಾರ್ನಿಷ್ ಬಿಟ್ಟರು. ಆ ಗಂಟು ಆ ಇಬ್ಬರ ಬೆರಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು. ತೇಲಲೆಂದು ಉದ್ದಕ್ಕೂ ಜೇನುಮೇಣ ಸವರಿದರು. ಕಡೆಯ ಒಂದು ಮಾರಿಗೆ ಮೊದಲು ತಂದಿದ್ದ ತೆಳ್ಳಗಿನ ನೈಲಾನು.

“ವನಜಿ, ನಮ್ಮನೆಯವ್ರು ಕೇಳುದ್ರು ಕಣೇ, ದಿನಾ ಹೋಗಿ ಯಾರಿಗ್ ಹಗ್ಗ ಹೊಸೀತಾ ಇದೀರಿ ಅಂತ.”

“ನೀನೇನಂದೆ?”

“ಮೀನಿಗೆ ಅಂದೆ. ಅವಾಗಿಂದ ಬಾಯ್ಬುಟ್ಟಿಲ್ಲ.”

ವನಜಮ್ಮ ಮಹಡಿಯ ಮೇಲೆ ಪ್ಲಾಸ್ಟಿಕ್ ಬಕೆಟ್ಟು ಇಟ್ಟು ಅದಕ್ಕೆ ಗುರಿ ಹಿಡಿದರು. ಹಿಂದಕ್ಕೆ ಬೀಸಿದ ದಾರ ಬೆನ್ನ ಹಿಂದೆ ಪೂರ್ತಿ ನೇರವಾಗುವ ತನಕ ಕೈ ಕಾಯಬೇಕು. ಆತುರಪಟ್ಟರೆ ಚಟ್ ಎಂದು ನೊಣ ಹರಿದುಹೋಗುತ್ತದೆ. ಒಂದನೇ ತಾರೀಕಿನಿಂದ ವನಜಮ್ಮ ಪ್ಯಾಕಿಂಗ್ ಕೆಲಸಕ್ಕೂ ಹೋದರು, ಬಂದು ಮಹಡಿಯನ್ನೂ ಹತ್ತಿದರು. ಎದುರು ಮನೆಯವರು ಮೊದಲ ದಿನ ನಕ್ಕರು, ಎರಡನೆಯ ದಿನ ಫೋನಿನಲ್ಲಿ ಚಿತ್ರ ತೆಗೆದರು, ಮೂರನೆಯ ದಿನದಿಂದ ತಮ್ಮ ಬಟ್ಟೆಗಳನ್ನು ತಂತಿಯ ಮೇಲಿಂದ ಬೇಗನೆ ಎತ್ತಿಕೊಳ್ಳತೊಡಗಿದರು.

ಆ ಶನಿವಾರ ಮಳೆ ಹುಯ್ದಿತ್ತು. ಭಾನುವಾರ ಬೆಳಿಗ್ಗೆ ವನಜಮ್ಮ ಕೋಲು ಹಿಡಿದು ಹೊರಟಾಗ ಕನಕರಾಜು ಆಟೋ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದರು. “ಬಸ್ಸಲ್ಲಿ ಅದರ ತುದಿ ಯಾರ್ದಾದ್ರೂ ಕಣ್ಣಿಗ್ ಚುಚ್ಚೀಯ. ಹತ್ತು.”

ಕೆರೆಯ ಮೇಲೆ ರೆಕ್ಕೆ ಬಂದ ಮಳೆಹುಳುಗಳು ಉದುರಿ ತೇಲುತ್ತಿದ್ದವು. ಅಲ್ಲಲ್ಲಿ ನೀರು ಬಟ್ಟಲಾಗಿ ಒಡೆದು, ಒಂದು ಬಾಯಿ ಕಂಡು, ಹುಳು ಮಾಯವಾಗುತ್ತಿತ್ತು. ರಂಗಯ್ಯ ಬಲೆಯವರೊಂದಿಗೆ ತೆಪ್ಪದ ಬಳಿ ಇದ್ದರು.

“ಬಂದ್ಯೇನವ್ವ? ಒಲೆ ಹಚ್ಚಿಲ್ಲ ಇನ್ನೂ, ಸೌದೆ ಹಸಿ.”

ವನಜಮ್ಮ ಡಬ್ಬಿಯಲ್ಲಿ ಹುಡುಕಿ, ಕಂದು ಮೈಯ, ಮಾಸಲು ರೆಕ್ಕೆಯ ಒಂದನ್ನು ಆರಿಸಿದರು. ಮಳೆಹುಳುವಿನ ಪಕ್ಕ ಹಿಡಿದರೆ ಅಣ್ಣ ತಮ್ಮಂದಿರಂತಿತ್ತು. ಬೀಸಿದರು. ಬೆನ್ನ ಹಿಂದೆ ದಾರ ನೇರವಾಗುವ ತನಕ ಕಾದು ಮುಂದಕ್ಕೆ ತಂದರು. ಕುದುರೆಯ ಕೂದಲು ನೀರಿನ ಮೇಲೆ ಹಾಸಿಕೊಂಡಿತು. ನೊಣ ಎಲ್ಲಕ್ಕಿಂತ ಕಡೆಗೆ, ಸದ್ದಿಲ್ಲದೆ ಇಳಿಯಿತು.

ನೊಣದ ಕೆಳಗೆ ನೆರಳೊಂದು ಎದ್ದು ಬಂತು. ಮೂಗು ತಾಗಿಸುವಷ್ಟು ಹತ್ತಿರ ಬಂದು ತಿರುಗಿಹೋಯಿತು. ಮತ್ತೆ ಎಸೆದರು. ಮತ್ತೆ ಬಂತು, ಮತ್ತೆ ಹೋಯಿತು. ನಾಲ್ಕನೆಯ ಸಲವೂ ಹಾಗೆಯೇ ಆಯಿತು.

“ಅದಕ್ ಗೊತ್ತು ಕಣವ್ವ ಕೋಳಿಪುಕ್ಕ ಅಂತ,” ಎಂದರು ರಂಗಯ್ಯ. ದನಿಯಲ್ಲಿ ಈ ಸಲ ಅಷ್ಟು ನಗುವಿರಲಿಲ್ಲ.

ದಾರ ತಪ್ಪಿದ್ದರೆ ದಾರ ಹೊಸೆಯಬಹುದು; ನೊಣವೇ ತಪ್ಪಾಗಿದ್ದರೆ? ವನಜಮ್ಮ ದಾರ ಎಳೆದುಕೊಂಡು ನೊಣವನ್ನು ಅಂಗೈಗೆ ಹಾಕಿಕೊಂಡರು. ಒಂದು ಎಳೆಯೂ ಆಚೀಚೆಯಾಗಿರಲಿಲ್ಲ. ಶಾಂತಲಾ ಮೇಡಂ ಕಣ್ಣು ಮುಚ್ಚಿಕೊಂಡು ಪಾಸು ಮಾಡುತ್ತಿದ್ದಂಥ ಕೆಲಸ. ಆದರೆ ಮೇಡಂ ನೋಡುತ್ತಿದ್ದುದು ಮೇಲಿನಿಂದ, ಮೇಜಿನ ಮೇಲಿಟ್ಟು. ಮೀನು ಇರುವುದು ಕೆಳಗೆ. ವನಜಮ್ಮ ನೊಣವನ್ನು ಕಣ್ಣಿಗಿಂತ ಮೇಲೆ, ಆಕಾಶಕ್ಕೆ ಎತ್ತಿ ಹಿಡಿದು ನೋಡಿದರು. ಹೊಟ್ಟೆಯ ಕೆಳಗಿನ ಗರಿಗಳು ಅದನ್ನು ಮಂಚದ ಕಾಲಿನಂತೆ ಎತ್ತಿ ನಿಲ್ಲಿಸಿದ್ದವು. ನೀರಿನಲ್ಲಿ ಬಿದ್ದ ಮಳೆಹುಳುಗಳೋ ಹೊಟ್ಟೆ ಹಚ್ಚಿ ಮಲಗಿದ್ದವು.

ಸೊಂಟದ ಚೀಲದಿಂದ ಕತ್ತರಿ ಬಂತು. ಗರಿಗೆ ಕತ್ತರಿ ತಾಗಿಸಿದ ನೊಣ ಶೆಡ್ಡಿನಲ್ಲಿ ನೇರ ಬಟ್ಟಲಿಗೆ ಬೀಳುತ್ತಿತ್ತು. ವನಜಮ್ಮ ಹೊಟ್ಟೆಯ ಕೆಳಗಿನ ಗರಿಗಳನ್ನೆಲ್ಲ ಒಂದೇ ಸಲಕ್ಕೆ ಸಪಾಟಾಗಿ ಕತ್ತರಿಸಿದರು.

ನೊಣ ಈ ಸಲ ನೀರಿಗೆ ಮೈ ಹಚ್ಚಿ ಕೂತಿತು. ನೆರಳು ಎದ್ದಿತು. ತಿರುಗಲಿಲ್ಲ.

ಕೋಲು ಬಾಗಿತು. ರೀಲನ್ನು ಯಾವ ಕಡೆ ತಿರುಗಿಸಬೇಕೆಂಬುದು ವನಜಮ್ಮನಿಗೆ ಆ ಗಳಿಗೆಯಲ್ಲಿ ಮರೆತೇಹೋಯಿತು. ಕೋಲನ್ನು ಎರಡೂ ಕೈಯಲ್ಲಿ ಅವಚಿಕೊಂಡು ಹಿಂದುಹಿಂದಕ್ಕೆ ಏರಿ ಹತ್ತತೊಡಗಿದರು. ಕೂದಲಿನ ದಾರ ಹಿಗ್ಗಿ ಕುಯ್ಯೆಂದಿತು. ಒಂದೂ ಸುತ್ತು ಬಿಚ್ಚಲಿಲ್ಲ. “ನಿಧಾನ! ನಿಧಾನ ಕಣೇ!” ಎಂದು ಕನಕರಾಜು ಕೈಲಿದ್ದ ಪುರಿ ಪೊಟ್ಟಣ ಚೆಲ್ಲಿ ನೀರಿಗಿಳಿದರು. ಬಲೆಯವನೊಬ್ಬ ಬುಟ್ಟಿ ಹಿಡಿದು ಅವರ ಹಿಂದೆ ಇಳಿದ. ಅಂಗೈಗಿಂತ ಉದ್ದದ ಗೆಂಡೆ ಮೀನು ಏರಿಯ ಹುಲ್ಲಿನ ಮೇಲೆ ಬಿದ್ದು ಬೆಳ್ಳಗೆ ಹೊರಳಿತು.

ವನಜಮ್ಮ ಮಂಡಿಯೂರಿ ಅದರ ಬಾಯನ್ನು ಬೆರಳಿನಿಂದ ಅಗಲಿಸಿದರು. ಮೇಲ್ದುಟಿಯ ಅಂಚಿನಲ್ಲಿ ನೊಣ ಕಚ್ಚಿ ನಿಂತಿತ್ತು. ಒದ್ದೆಯಾಗಿ, ಗರಿ ಮುದುಡಿ. ಅದರ ಕುತ್ತಿಗೆಯಲ್ಲಿ, ವಾರ್ನಿಷ್ಷಿನ ಅಡಿಯಲ್ಲಿ, ಆ ಒಂದು ಕೆಂಪು ಸುತ್ತು ಹಾಗೇ ಇತ್ತು. ಇಷ್ಟು ವರ್ಷ ಅದು ಅವರ ಬಳಿಗೆ ಹಿಂದಿರುಗಿದ್ದು ಬಟ್ಟಲಿನಲ್ಲಿ, ತಪ್ಪಿನ ಗುರುತಾಗಿ.

ರಂಗಯ್ಯ ಬಗ್ಗಿ ಕನ್ನಡಕ ಮೇಲೇರಿಸಿದರು. “ಇದು ನೀನೇ ಕಟ್ಟಿದ್ದಾ?”

“ಕೆಂಪು ಸುತ್ತು ಕಾಣ್ತದಾ? ಅದು ನಂದು.”

“ಮೀನು ಟೆಂಡರ್ದು ಕಣವ್ವ ಮತ್ತೆ,” ಎಂದರು ರಂಗಯ್ಯ, ಏನಾದರೂ ಹೇಳಬೇಕಲ್ಲ ಎಂಬಂತೆ.

“ತೂಕ ಹಾಕು. ರೇಟ್ ಹೇಳು. ಪ್ಯಾಕಿಂಗ್ ಸಂಬಳ ಬಂದ್ಮೇಲೆ ತಂದ್ಕೊಡ್ತೀನಿ.”

ಕನಕರಾಜು ತೊಡೆತನಕ ನೆನೆದ ಪ್ಯಾಂಟು ಹಿಂಡುತ್ತ ಏರಿ ಹತ್ತಿ ಬಂದರು. “ಬಾವ, ಅದಿರ್ಲಿ. ಒಲೆ ಎಲ್ಲೈತೆ?”

ಬಲೆಯವರು ಗೊಳ್ಳೆಂದರು. ರಂಗಯ್ಯನೂ ನಕ್ಕರು; ನಗುತ್ತಲೇ ಅವರ ಕೈ ಕೋಲಿನ ಕಡೆ ಬಂತು. “ಎಲ್ಲಿ, ಒಂದ್ಸಲ ಕೊಡು ನೋಡನ.”

“ಮೊದ್ಲು ಬಲೆ ಒಲೆಗೆ ಹಾಕು,” ಎಂದು ವನಜಮ್ಮ ಮೀನಿನ ತುಟಿಯಿಂದ ಗಾಳ ಬಿಡಿಸಿಕೊಂಡು, ನೊಣವನ್ನು ಸೆರಗಿನಿಂದ ಒರೆಸಿ, ಬಾಯಿಂದ ಊದಿ ಗರಿ ನಿಗುರಿಸಿ, ಮತ್ತೆ ನೀರಿನ ಕಡೆ ತಿರುಗಿದರು.